ಟಗರಿನ ತಲೆಯಿಂದ ಜಿಂಕೆಯ ಮೂಗಿನ ಪಾಠ: ಫೆರಮೋನ್ ಅಂಗದ ಸ್ಲೈಡ್ ಮಾಡುವ ಸಮಗ್ರ ಮಾರ್ಗದರ್ಶಿ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಪ್ರಾಣಿಶಾಸ್ತ್ರದ ಹುಡುಗರು ನನಗೆ ವಾಟ್ಸಾಪ್‌ನಲ್ಲಿ ಕಳಿಸುವ ಸ್ಲೈಡ್ ಫೋಟೊಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ನಡುವೆ ಒಂದು ಟೊಳ್ಳು, ಅದರೊಳಗೆ ಉದುರಿ ಬಿದ್ದ ಗುಲಾಬಿ ಕಸ, ಸುತ್ತ ಹರಿದ ಕಾರ್ಟಿಲೇಜ್, ಅಂದರೆ ಮೆದು ಮೂಳೆ. ಕೆಳಗೆ ಒಂದು ಸಾಲು: "ಸರ್, ಹೆಮಟಾಕ್ಸಿಲಿನ್ ಹಳೇದಾಗಿತ್ತು ಅನ್ಸುತ್ತೆ."

ನ್ಯೂಕ್ಲಿಯಸ್‌ಗೆ ನೀಲಿ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಪಾಪ ಏನೂ ಮಾಡಿರುವುದಿಲ್ಲ. ಪ್ರಾಣಿ ಸತ್ತ ಮೊದಲ ಎರಡು ಗಂಟೆಯಲ್ಲೇ ಕೆಲಸ ಕೆಟ್ಟಿರುತ್ತದೆ. ಆಮೇಲೆ ಮೂರು ವಾರ ಎಷ್ಟು ಶ್ರದ್ಧೆಯಿಂದ ಮಾಡಿದರೂ ಅದು ಸರಿಹೋಗಲ್ಲ. ಅದಕ್ಕೇ ಇಲ್ಲಿ ಶುರುವಿನ ಹಂತಗಳ ಬಗ್ಗೆ ಜಾಸ್ತಿ ಬರೆದಿದ್ದೇನೆ, ಬಣ್ಣ ಹಾಕುವ ಬಗ್ಗೆ ಕಡಿಮೆ.

## ಮೊದಲು ಎರಡು ಮಾತು

ನಾವು ಹುಡುಕುತ್ತಿರುವುದು ವೊಮೆರೋನೇಸಲ್ ಅಂಗ, ಅಂದರೆ ಫೆರಮೋನ್‌ಗಳನ್ನು (ಪ್ರಾಣಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಿಡುವ ರಾಸಾಯನಿಕ) ಗ್ರಹಿಸುವ ಅಂಗ. ಇನ್ನು ಮುಂದೆ ವಿ.ಎನ್.ಒ. ಅಂತ ಬರೆಯುತ್ತೇನೆ. ಮೂಗಿನ ನಡುಗೋಡೆಯ ಬುಡದಲ್ಲಿ, ಅಂಗುಳದ ಮೇಲೆ, ಎಡಕ್ಕೊಂದು ಬಲಕ್ಕೊಂದು ಸಣ್ಣ ನಳಿಕೆ ಇರುತ್ತದೆ. ಹಿಂದಿನ ತುದಿ ಮುಚ್ಚಿರುತ್ತದೆ. ಮುಂದಿನ ತುದಿ ಅಂಗುಳದ ನಾಳಕ್ಕೆ ತೆರೆದುಕೊಳ್ಳುತ್ತದೆ. ಆ ನಾಳದ ಒಂದು ಬಾಯಿ ಮೂಗಿನಲ್ಲಿ, ಇನ್ನೊಂದು ಬಾಯೊಳಗೆ. ಟಗರು ಕುರಿಯ ಮೂತ್ರ ಮೂಸಿ, ಕತ್ತೆತ್ತಿ, ಮೇಲಿನ ತುಟಿ ಮಡಚಿ ಒಂದು ಕ್ಷಣ ಸುಮ್ಮನೆ ನಿಲ್ಲುತ್ತದಲ್ವಾ, ಆಗ ವಾಸನೆಯ ಅಣುಗಳು ಹೋಗುವುದು ಇದೇ ದಾರಿಯಲ್ಲಿ. ಗಂಡು ಜಿಂಕೆ ಮಾಡುವುದೂ ಅದನ್ನೇ.

ಎರಡನೇ ಮಾತು ಕಾನೂನಿನದು. ಜಿಂಕೆ, ಕಡವೆ, ನಮ್ಮ ಕಡೆಯ ಚಿಗರಿ (ಕೃಷ್ಣಮೃಗ) ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಯಲಬುರ್ಗಾ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ ಚಿಗರಿ ಕಂಡರೂ ತಲೆ ಕೊಯ್ದು ತರುವ ಹಾಗಿಲ್ಲ. "ಸತ್ತೇ ಹೋಗಿತ್ತು ಸರ್" ಅನ್ನುವುದು ಉತ್ತರ ಆಗಲ್ಲ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಅಷ್ಟೇ. ಅಂದಹಾಗೆ ಚಿಗರಿ ಜಿಂಕೆಯೇ ಅಲ್ಲ. ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಬೆಳೆಯುತ್ತದೆ, ಚಿಗರಿಯ ಕೊಂಬಿಗೆ ಕವಲಿಲ್ಲ, ಅದು ಉದುರುವುದೂ ಇಲ್ಲ. ಚಿಗರಿ ಕುರಿ ಆಡುಗಳ ಕುಟುಂಬದ್ದು.

ಹಾಗಾಗಿ ಕಲಿಯುವುದಕ್ಕೆ ಕುರಿ ತಲೆಯೇ ಸರಿ. ಕುರಿ, ಜಿಂಕೆ ಎರಡೂ ಮೆಲುಕು ಹಾಕುವ ಪ್ರಾಣಿಗಳು, ವಿ.ಎನ್.ಒ.ದ ಒಟ್ಟು ರಚನೆ ಒಂದೇ ಥರ. ಬಳ್ಳಾರಿ ಕುರಿ, ಕೆಂಗುರಿ ಅಂತ ತಳಿಗೇ ಹೆಸರು ಕೊಟ್ಟ ಸೀಮೆ ನಮ್ಮದು, ತಲೆಗೇನೂ ಬರ ಇಲ್ಲ.

## ಬೇಕಾದ ಸಾಮಾನು

ಕೆಲಸಕ್ಕೆ ಮುಂಚಿನ ದಿನವೇ ಇವೆಲ್ಲ ಮೇಜಿನ ಮೇಲೆ ಇರಬೇಕು. ತಲೆ ತಂದ ಮೇಲೆ ಫಾರ್ಮಲಿನ್ ಹುಡುಕಲು ಹೋದವರು ಬೇಕಾದಷ್ಟು ಜನ.

ಸಣ್ಣ ಹಲ್ಲಿನ ಹೊಸ ಹ್ಯಾಕ್ಸಾ ಬ್ಲೇಡ್, ಸ್ಕಾಲ್ಪೆಲ್, ಮೂಳೆ ಕತ್ತರಿ, 5 ಮಿ.ಲೀ. ಸಿರಿಂಜ್, ತುದಿ ಉಜ್ಜಿ ಮೊಂಡು ಮಾಡಿದ ಸೂಜಿ, ತೆಳು ನೈಲಾನ್ ದಾರ, ಇಂಡಿಯನ್ ಇಂಕ್, ದಪ್ಪ ಕಾಗದದ ಚೀಟಿ, ಪೆನ್ಸಿಲ್. ಪೆನ್ನು ಬೇಡ, ಆಲ್ಕೋಹಾಲ್‌ನಲ್ಲಿ ಶಾಯಿ ತೊಳೆದು ಹೋಗುತ್ತದೆ. ಜೊತೆಗೆ ಗ್ಲೌಸ್, ಕನ್ನಡಕ, ಗಾಳಿ ಆಡುವ ಜಾಗ.

10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ಒಂದು ಲೀಟರ್‌ಗೆ ಲೆಕ್ಕ ಹೀಗೆ: ಅಂಗಡಿಯ ಫಾರ್ಮಾಲ್ಡಿಹೈಡ್ ದ್ರಾವಣ 100 ಮಿ.ಲೀ., ಡಿಸ್ಟಿಲ್ಡ್ ನೀರು 900 ಮಿ.ಲೀ., ಮಾನೊಬೇಸಿಕ್ ಸೋಡಿಯಂ ಫಾಸ್ಫೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಬೇಸಿಕ್ ಸೋಡಿಯಂ ಫಾಸ್ಫೇಟ್ 6.5 ಗ್ರಾಂ. ಬೋರ್‌ವೆಲ್ ನೀರಲ್ಲಿ ಇದನ್ನು ಮಾಡಬೇಡಿ. ರಾಯಚೂರು ಕಡೆಯ ಗಡಸು ನೀರಲ್ಲಿ ಫಾಸ್ಫೇಟ್ ಗಸಿ ಕಟ್ಟುತ್ತದೆ.

## ಹಂತ 1: ತಲೆ ತರುವುದು

ಮಟನ್ ಅಂಗಡಿಯವರು ತಲೆ ಕೊಡುವ ಮುಂಚೆ ಎರಡು ಉಪಕಾರ ಮಾಡುತ್ತಾರೆ. ಒಂದು, ಕೂದಲು ಹೋಗಲಿ ಅಂತ ಬೆಂಕಿಯಲ್ಲಿ ಸುಡುತ್ತಾರೆ. ಇನ್ನೊಂದು, ಮಿದುಳು ತೆಗೆಯಲು ನಡು ಮಧ್ಯಕ್ಕೆ ಮಚ್ಚು ಹಾಕಿ ಎರಡು ಹೋಳು ಮಾಡುತ್ತಾರೆ. ಸಾರಿಗೆ ಅದು ಚೆನ್ನ. ನಮಗೆ ಎರಡೂ ಶಾಪ. ಸುಟ್ಟರೆ ಮೂಗಿನೊಳಗಿನ ಪದರ ಬೇಯುತ್ತದೆ. ನಡುವೆ ಸೀಳಿದರೆ ಮಚ್ಚು ಸರಿಯಾಗಿ ಮೂಗಿನ ನಡುಗೋಡೆಯ ಮೇಲೇ ಬೀಳುತ್ತದೆ, ನಮ್ಮ ಅಂಗ ಇರುವುದೇ ಅಲ್ಲಿ.

ಹಿಂದಿನ ದಿನವೇ ಹೋಗಿ ಮಾತಾಡಿ. ನಾನು ಮೊದಲ ಸಲ ಕೇಳಿದಾಗ ಅಂಗಡಿಯ ಭಾಯ್ ನಕ್ಕರು: "ಸುಡಬ್ಯಾಡ, ಒಡಿಬ್ಯಾಡ ಅಂದ್ರ ತಲಿ ತಗೊಂಡು ಪೂಜಿ ಮಾಡ್ತೀರೇನ್ರಿ ಸರ್?" ಭಾನುವಾರ ಹೋಗಬೇಡಿ, ಆ ಗದ್ದಲದಲ್ಲಿ ನಿಮ್ಮ ಮಾತು ಯಾರಿಗೂ ನೆನಪಿರಲ್ಲ. ವಾರದ ನಡುವೆ, ಬೆಳಗಿನ ಮೊದಲ ಕುರಿ ಕೊಯ್ಯುವ ಹೊತ್ತಿಗೆ ಎದುರಿಗೇ ನಿಂತಿರಿ. ಆರು ತಿಂಗಳಿಂದ ಒಂದು ವರ್ಷದೊಳಗಿನ ಮರಿ ಆದರೆ ಒಳ್ಳೆಯದು, ಮೂಳೆ ಇನ್ನೂ ಗಟ್ಟಿಯಾಗಿರಲ್ಲ. ಕೊಯ್ದ ಸಮಯವನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ತಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ಇರುವ ಡಬ್ಬದಲ್ಲಿಟ್ಟು ತನ್ನಿ. ಐಸ್ ಸುತ್ತ ಇರಲಿ, ನೀರು ಮೂಗಿಗೆ ಹೋಗದಿರಲಿ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ತಲೆಯನ್ನು ಬೈಕಿಗೆ ನೇತುಹಾಕಿಕೊಂಡು ಹೊಸಪೇಟೆಯಿಂದ ಬಳ್ಳಾರಿಗೆ ಬಂದರೆ ಕೋಶಗಳು ದಾರಿಯಲ್ಲೇ ಕರಗಿರುತ್ತವೆ. ಎಲ್ಲಕ್ಕಿಂತ ಮೊದಲು ಉದುರುವುದು ನಮಗೆ ಬೇಕಾದ, ಫೆರಮೋನ್ ಗ್ರಹಿಸುವ ಸಂವೇದಕ ಪದರವೇ.

ಫ್ರೀಜರ್‌ನಲ್ಲಂತೂ ಇಡಲೇಬೇಡಿ. ನಾನು ಒಮ್ಮೆ "ನಾಳೆ ಮಾಡಿದರಾಯಿತು" ಅಂತ ರಾತ್ರಿ ಫ್ರೀಜರ್‌ಗೆ ಹಾಕಿದ್ದೆ. ಮೂರು ವಾರದ ಕೆಲಸ ಮುಗಿದ ಮೇಲೆ ನೋಡಿದರೆ ಸ್ಲೈಡ್ ತುಂಬಾ ಸೆಟ್ ದೋಸೆ ಮೇಲಿನಂಥ ತೂತು. ಮಂಜಿನ ಹರಳು ಮಾಡುವ ಕೆಲಸ ಅದು.

ಎಚ್ಚರಿಕೆ: ತಾನಾಗಿ ಸತ್ತ ಕುರಿಯ ತಲೆ ಯಾರು ಪುಕ್ಕಟೆ ಕೊಟ್ಟರೂ ಬೇಡ. ಇದ್ದಕ್ಕಿದ್ದಂತೆ ಸತ್ತು ಮೂಗು, ಬಾಯಿಂದ ಕಪ್ಪು ರಕ್ತ ಸೋರಿದ್ದರೆ ಅದು ಆಂಥ್ರಾಕ್ಸ್, ಅಂದರೆ ನೆರಡಿ ರೋಗ ಇರಬಹುದು. ಮುಟ್ಟದೆ, ಕೊಯ್ಯದೆ ಪಶು ವೈದ್ಯರಿಗೆ ತಿಳಿಸಿ.

## ಹಂತ 2: ಅಂಗದ ಬಾಯಿ ಹುಡುಕಿ ಫಾರ್ಮಲಿನ್ ಒಳಗೆ ಬಿಡುವುದು

ಈ ಹಂತವನ್ನು ಹಾರಿಸುವವರೇ ಜಾಸ್ತಿ. ಇಡೀ ಮೂತಿಯನ್ನು ಡಬ್ಬಕ್ಕೆ ಮುಳುಗಿಸಿ "ಫಿಕ್ಸ್ ಆಗುತ್ತೆ" ಅಂದುಕೊಳ್ಳುತ್ತಾರೆ. ಫಿಕ್ಸ್ ಅಂದರೆ ಕೋಶಗಳು ಕೊಳೆಯದೆ ಇದ್ದ ಹಾಗೇ ನಿಲ್ಲುವಂತೆ ಮಾಡುವುದು. ವಿ.ಎನ್.ಒ. ಮೂಳೆ, ಕಾರ್ಟಿಲೇಜ್ ಎರಡರ ಒಳಗೆ ಅಡಗಿ ಕೂತಿದೆ. ಹೊರಗಿನ ಫಾರ್ಮಲಿನ್ ಅಲ್ಲಿಗೆ ಹೋಗುವ ಹೊತ್ತಿಗೆ ಒಳಗೆ ಎಲ್ಲ ಮುಗಿದಿರುತ್ತದೆ.

ಕೆಳದವಡೆ ಬಿಚ್ಚಿ ತೆಗೆಯಿರಿ. ತಲೆಯನ್ನು ಅಂಗಾತ ಇಡಿ. ಕುರಿಗೆ ಮೇಲೆ ಮುಂದಿನ ಹಲ್ಲಿಲ್ಲ, ಗಟ್ಟಿ ದಿಂಡಿನಂಥ ಜಾಗ ಇದೆ. ಅದರ ಹಿಂದೆಯೇ ನಡುಮಧ್ಯದಲ್ಲಿ ಒಂದು ಸಣ್ಣ ಉಬ್ಬು. ಉಬ್ಬಿನ ಎರಡೂ ಮಗ್ಗುಲಲ್ಲಿ ಸೀಳಿನಂಥ ತೂತು. ಇವೇ ಅಂಗುಳದ ನಾಳದ ಬಾಯಿಗಳು. ಕಾಣದಿದ್ದರೆ ಲಾಲಾರಸ ಒರೆಸಿ, ನೈಲಾನ್ ದಾರದ ತುದಿಯನ್ನು ಮೆಲ್ಲಗೆ ತೂರಿಸಿ ನೋಡಿ. ನಾಳ ಎಲ್ಲಿದೆ ಅಂತ ಗೊತ್ತಾದರೆ ಸಾಕು, ಹಿಂದಕ್ಕೆ ಒತ್ತಬೇಡಿ. ದಾರ ವಿ.ಎನ್.ಒ. ಒಳಗೇ ಹೋದರೆ ಅಲ್ಲಿನ ಪದರ ಗೀರಿಹೋಗುತ್ತದೆ.

ಈಗ ಮೊಂಡು ಸೂಜಿಯಿಂದ ಒಂದೊಂದು ಬದಿಗೆ 2 ಮಿ.ಲೀ. ಫಾರ್ಮಲಿನ್ ಬಿಡಿ. ನಿಧಾನಕ್ಕೆ. ಮೂಗಿನಿಂದ ನಾಲ್ಕು ಹನಿ ಹೊರಗೆ ಬಂದರೆ ನಾಳ ತೆರೆದಿದೆ ಅಂತ ಅರ್ಥ. ಜೋರಾಗಿ ಒತ್ತಿದರೆ ಒಳಪದರ ಕಿತ್ತು ಬರುತ್ತದೆ, ಆಮೇಲೆ ಸ್ಲೈಡ್‌ನಲ್ಲಿ ನೋಡಿ "ಇದು ರೋಗವಾ ಸರ್?" ಅಂತ ಕೇಳುತ್ತೀರಿ.

ಮೂಗಿನ ಹೊಳ್ಳೆಯಲ್ಲಿ ಬಿಳಿ ಅಥವಾ ಕಂದು ಹುಳು ಕಂಡರೆ ಹೆದರಬೇಡಿ. ಅದು ಕುರಿಯ ಮೂಗಿನ ನೊಣದ ಮರಿ, ನಮ್ಮ ಕಡೆ ಮಾಮೂಲು. ಆದರೆ ಆ ತಲೆಯ ಮೂಗಿನ ಪದರ ಊದಿಕೊಂಡಿರುತ್ತದೆ, ಮಾದರಿ ಸ್ಲೈಡ್‌ಗೆ ಬೇರೆ ತಲೆ ತಗೊಳ್ಳಿ.

## ಹಂತ 3: ಕೊಯ್ಯುವುದು, ಗುರುತು ಹಾಕುವುದು

1. ಮುಂದಿನಿಂದ ಎಣಿಸಿ, ಮೇಲಿನ ಮೂರನೇ ದವಡೆ ಹಲ್ಲಿನ ಹಿಂದೆ ಹ್ಯಾಕ್ಸಾದಿಂದ ಅಡ್ಡ ಕೊಯ್ಯಿರಿ. ಅಂಗ ಸುಮಾರು ಎರಡನೇ ದವಡೆ ಹಲ್ಲಿನ ನೇರದವರೆಗೆ ಹೋಗುತ್ತದೆ, ಸ್ವಲ್ಪ ಜಾಗ ಬಿಟ್ಟುಕೊಳ್ಳುವುದು ಕ್ಷೇಮ.

2. ಚರ್ಮ ಸುಲಿದು, ಮೂಗಿನ ಮೇಲ್ಛಾವಣಿಯ ಮೂಳೆ ಮತ್ತು ಪಕ್ಕದ ಗೋಡೆಗಳನ್ನು ಮೂಳೆ ಕತ್ತರಿಯಿಂದ ತೆಗೆಯಿರಿ. ಸುರುಳಿ ಮೂಳೆಗಳನ್ನೂ ತೆಗೆದುಬಿಡಿ. ಕೊನೆಗೆ ಉಳಿಯುವುದು ತಲೆಕೆಳಗಾದ ಇಂಗ್ಲಿಷ್ ಟಿ ಆಕಾರ: ನಿಂತಿರುವುದು ನಡುಗೋಡೆ, ಅಡ್ಡ ಮಲಗಿರುವುದು ಅಂಗುಳ. ಎರಡೂ ಸೇರುವ ಮೂಲೆಯಲ್ಲಿ ಎರಡು ಬದಿಗೂ ಉದ್ದಕ್ಕೆ ಉಬ್ಬಿದ ದಿಂಡು ಕಾಣುತ್ತದೆ. ಅದೇ ವಿ.ಎನ್.ಒ. ಆ ಮೂಲೆಗೆ ಕತ್ತರಿ ತಾಗಬಾರದು.

3. ಎಡಬದಿಗೆ ಇಂಡಿಯನ್ ಇಂಕ್ ಹಚ್ಚಿ. ಎರಡು ನಿಮಿಷದ ಕೆಲಸ, ಸೋಮಾರಿತನ ಬೇಡ. ನಾಳೆ ಎಡ ಯಾವುದು ಬಲ ಯಾವುದು ಅಂತ ದೇವರಿಗೂ ಗೊತ್ತಾಗಲ್ಲ.

4. ಈ ತುಂಡನ್ನು ಅದರ ಗಾತ್ರಕ್ಕಿಂತ 15-20 ಪಟ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಿ. 24 ಗಂಟೆ ಆದ ಮೇಲೆ ತೆಗೆದು, ಹೊಸ ಹ್ಯಾಕ್ಸಾ ಬ್ಲೇಡ್‌ನಿಂದ 5 ಮಿ.ಮೀ. ದಪ್ಪದ ಅಡ್ಡ ಹೋಳು ಮಾಡಿ, ಹೊಸ ಫಾರ್ಮಲಿನ್‌ನಲ್ಲಿ ಇನ್ನೂ 24 ಗಂಟೆ ಇಡಿ. ಒಂದೊಂದು ಹೋಳಿಗೂ ಬೇರೆ ಡಬ್ಬಿ, ಚೀಟಿಯಲ್ಲಿ ಅಂಗುಳದ ಉಬ್ಬಿನಿಂದ ಎಷ್ಟು ಮಿ.ಮೀ. ಹಿಂದೆ ಅಂತ ಬರೆದಿರಲಿ.

ಹಸಿ ತುಂಡನ್ನೇ ಹೋಳು ಮಾಡಿದರೆ ಗರಗಸ ಮೆತ್ತನೆ ಪದರವನ್ನು ಎಳೆದಾಡಿಬಿಡುತ್ತದೆ. ಹೋಳಿನ ನಡುವೆ ಇನ್ನೂ ಕೆಂಪು ಕಂಡರೆ, ಬೆರಳಿಗೆ ಜಾರುವ ಹಾಗಿದ್ದರೆ ಫಿಕ್ಸ್ ಆಗಿಲ್ಲ. ಮುಂದೆ ಹೋಗಬೇಡಿ.

## ಹಂತ 4: ಮೂಳೆಯ ಸುಣ್ಣ ತೆಗೆಯುವುದು

ಎರಡು ದಾರಿ. ಅವಸರ ಇಲ್ಲದವರಿಗೆ 10% ಇ.ಡಿ.ಟಿ.ಎ., ಅಂದರೆ ಸುಣ್ಣವನ್ನು (ಕ್ಯಾಲ್ಸಿಯಂ) ಹಿಡಿದು ಎಳೆದುಕೊಳ್ಳುವ ರಾಸಾಯನಿಕ. ಲೀಟರ್‌ಗೆ 100 ಗ್ರಾಂ. ನೀರಿಗೆ ಹಾಕಿದ ಕೂಡಲೇ ಕರಗಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಸ್ವಲ್ಪ ಸ್ವಲ್ಪ ಹಾಕುತ್ತಾ, ತಿರುಗಿಸುತ್ತಾ ಹೋದಂತೆ ಕರಗುತ್ತದೆ. ಪಿಎಚ್ 7.2ರಿಂದ 7.4ಕ್ಕೆ ತನ್ನಿ. ಮೂರು ನಾಲ್ಕು ದಿನಕ್ಕೊಮ್ಮೆ ದ್ರಾವಣ ಬದಲಿಸಿ. ಮರಿ ತಲೆಯ 5 ಮಿ.ಮೀ. ಹೋಳಿಗೆ ಎರಡು ಮೂರು ವಾರ ಹಿಡಿಯುತ್ತದೆ. ಮುಂದೆ ಇಮ್ಯುನೊ ಬಣ್ಣ (ಆಂಟಿಬಾಡಿ ಬಳಸಿ ಬೇಕಾದ ಪ್ರೋಟೀನ್ ತೋರಿಸುವುದು) ಹಾಕುವ ಆಸೆ ಇದ್ದರೆ ಇದೇ ದಾರಿ.

ಪರೀಕ್ಷೆ ಹತ್ತಿರ ಬಂದವರಿಗೆ 10% ಫಾರ್ಮಿಕ್ ಆಸಿಡ್, ಮೂರರಿಂದ ಐದು ದಿನ. ನೈಟ್ರಿಕ್ ಆಸಿಡ್ ಇನ್ನೂ ಬೇಗ, ಆದರೆ ನ್ಯೂಕ್ಲಿಯಸ್ಸಿನ ನೀಲಿಯನ್ನೇ ತಿಂದುಹಾಕುತ್ತದೆ. ನಾನು ಅದನ್ನು ಬಳಸಲ್ಲ.

ಸುಣ್ಣ ಪೂರ್ತಿ ಹೋಯಿತಾ ಅಂತ ಸೂಜಿ ಚುಚ್ಚಿ ನೋಡುವ ಹುಚ್ಚು ಬಿಡಿ, ಚುಚ್ಚಿದ ತೂತು ಸ್ಲೈಡ್‌ನಲ್ಲೂ ಬರುತ್ತದೆ. ಹೋಳಿನ ಅಂಚನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ, ನೆಂದ ಚಪ್ಪಲಿ ಅಟ್ಟೆಯ ಹಾಗೆ ಬಗ್ಗಬೇಕು. ಆಸಿಡ್ ದಾರಿಯಾದರೆ ಇನ್ನೊಂದು ಪರೀಕ್ಷೆ ಇದೆ: ಹೋಳು ಮುಳುಗಿದ್ದ ಆಸಿಡ್ 5 ಮಿ.ಲೀ. ತಗೊಂಡು, ಅಮೋನಿಯಾ ಹಾಕಿ ಲಿಟ್ಮಸ್ ಕಾಗದದಲ್ಲಿ ನೋಡಿ ನ್ಯೂಟ್ರಲ್ ಮಾಡಿ, ಅಷ್ಟೇ ಪ್ರಮಾಣದ ಗಾಢ ಅಮೋನಿಯಂ ಆಕ್ಸಲೇಟ್ ಸೇರಿಸಿ ಅರ್ಧ ಗಂಟೆ ಬಿಡಿ. ಮೋಡ ಕಟ್ಟಿದರೆ ಸುಣ್ಣ ಇನ್ನೂ ಬರುತ್ತಿದೆ, ಆಸಿಡ್ ಬದಲಿಸಿ. ತಿಳಿಯಾಗಿದ್ದರೆ ಮುಗಿಯಿತು. ಇ.ಡಿ.ಟಿ.ಎ.ಗೆ ಈ ಪರೀಕ್ಷೆ ಮಾಡಿ ಮೋಸ ಹೋಗಬೇಡಿ, ಅದು ಸುಣ್ಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೋಡ ಕಾಣಿಸಲ್ಲ.

ಮುಗಿದ ಮೇಲೆ ರಾತ್ರಿಯಿಡೀ ಸಣ್ಣಗೆ ಹರಿಯುವ ನೀರಲ್ಲಿ ತೊಳೆಯಿರಿ.

## ಹಂತ 5: ನೀರು ತೆಗೆದು ಮೇಣಕ್ಕೆ

ಇದು ಎಲ್ಲ ಪುಸ್ತಕದಲ್ಲೂ ಇದೆ. ಆಲ್ಕೋಹಾಲ್ 70, 80, 95, ಆಮೇಲೆ 100 ಪರ್ಸೆಂಟ್ ಎರಡು ಸಲ, ಒಂದೊಂದರಲ್ಲಿ ಒಂದೂವರೆ ಗಂಟೆ. ಆಲ್ಕೋಹಾಲ್ ತೆಗೆಯಲು ಕ್ಸೈಲಿನ್ ಎರಡು ಸಲ. 56-58 ಡಿಗ್ರಿಗೆ ಕರಗುವ ಮೇಣ, 60 ಡಿಗ್ರಿ ಓವನ್‌ನಲ್ಲಿ ಮೂರು ಸಲ ಒಂದೊಂದು ಗಂಟೆ. ಕ್ಸೈಲಿನ್‌ಗೆ ಹಾಕಿದಾಗ ಹಾಲಿನಂತೆ ಬೆಳ್ಳಗಾದರೆ ತುಂಡಿನಲ್ಲಿ ನೀರು ಉಳಿದಿದೆ, ವಾಪಸ್ 100ಕ್ಕೆ ಹೋಗಿ.

ಮೇಣದಲ್ಲಿ ಕೂರಿಸುವಾಗ ಹೋಳಿನ ಮುಂದಿನ ಮುಖ, ಅಂದರೆ ಮೂತಿ ಕಡೆಯದು, ಕೆಳಕ್ಕೆ ಇರಲಿ. ಎಲ್ಲ ಹೋಳಿಗೂ ಒಂದೇ ನಿಯಮ. ಓರೆ ಕೂತರೆ ಎಡದ ನಳಿಕೆ ಒಂದು ಜಾಗದ್ದು, ಬಲದ್ದು ಇನ್ನೊಂದು ಜಾಗದ್ದು ಬಂದು, ಎರಡೂ ಬದಿ ಬೇರೆ ಬೇರೆ ಇವೆ ಅಂತ ಪ್ರಬಂಧ ಬರೆದುಬಿಡುತ್ತೀರಿ.

## ಹಂತ 6: ಸೆಕ್ಷನ್ ಕೊಯ್ಯುವುದು

ಮೇಣದ ಬ್ಲಾಕನ್ನು ಮೈಕ್ರೋಟೋಮ್‌ನಲ್ಲಿ ಕೊಯ್ದಾಗ ಬರುವ ತೆಳು ಹಾಳೆಯೇ ಸೆಕ್ಷನ್. ದಪ್ಪ 5ರಿಂದ 6 ಮೈಕ್ರಾನ್. ನಮ್ಮ ಬೇಸಿಗೆಯಲ್ಲಿ ಫ್ಯಾನ್ ಕೆಳಗೇ ಬ್ಲಾಕ್ ಮೆತ್ತಗಾಗಿ ಸೆಕ್ಷನ್ ಸುಕ್ಕುಗಟ್ಟುತ್ತದೆ. ಬ್ಲಾಕನ್ನು ಹದಿನೈದು ನಿಮಿಷ ಐಸ್ ಮೇಲೆ ತಲೆಕೆಳಗಾಗಿ ಇಟ್ಟು, ಹತ್ತಿಪ್ಪತ್ತು ಸೆಕ್ಷನ್ ಕೊಯ್ದು, ಮತ್ತೆ ಐಸ್‌ಗೆ. ಬೆಳಗ್ಗೆ ಆರು ಗಂಟೆಗೆ ಕೂತರೆ ಅರ್ಧ ಸಮಸ್ಯೆ ಇರುವುದೇ ಇಲ್ಲ.

ಸೆಕ್ಷನ್ ಉದ್ದಕ್ಕೂ ಗೀರು ಬಂದರೆ ಬ್ಲೇಡ್ ಹಲ್ಲು ಬಿಟ್ಟಿದೆ, ಇಲ್ಲವೇ ಎಲ್ಲೋ ಸುಣ್ಣ ಉಳಿದಿದೆ. ಬ್ಲೇಡ್ ಸರಿಸಿ ನೋಡಿ. ಗೀರು ಅದೇ ಜಾಗಕ್ಕೆ ಬಂದರೆ ಸುಣ್ಣದ್ದೇ ತಪ್ಪು. ಆಗ ಬ್ಲಾಕಿನ ಮುಖವನ್ನು 5% ಫಾರ್ಮಿಕ್ ಆಸಿಡ್‌ನಲ್ಲಿ ಒಂದು ಗಂಟೆ ಇಟ್ಟು ತೊಳೆದರೆ ಮೇಲಿನ ಕೆಲವು ಸೆಕ್ಷನ್‌ಗಳಾದರೂ ಸಿಗುತ್ತವೆ.

ಕಾರ್ಟಿಲೇಜ್ ಸ್ಲೈಡ್‌ನಿಂದ ಎದ್ದು ತೇಲುವುದು ಎಲ್ಲರ ಗೋಳು. ಮೊಟ್ಟೆಯ ಬಿಳಿ, ಗ್ಲಿಸರಿನ್ ಸಮಸಮ ಬೆರೆಸಿ ಸೋಸಿದ ಅಂಟನ್ನು ಸ್ಲೈಡ್‌ಗೆ ಕಂಡೂ ಕಾಣದಷ್ಟು ಸವರಿ. ಸೆಕ್ಷನ್ ಹಿಡಿದ ಮೇಲೆ 37 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ.

## ಹಂತ 7: ಬಣ್ಣ

ಕ್ಸೈಲಿನ್, 100ರಿಂದ 70ಕ್ಕೆ ಇಳಿಯುವ ಆಲ್ಕೋಹಾಲ್, ನೀರು. ಹ್ಯಾರಿಸ್ ಹೆಮಟಾಕ್ಸಿಲಿನ್ 5ರಿಂದ 8 ನಿಮಿಷ. 1% ಆಸಿಡ್ ಆಲ್ಕೋಹಾಲ್‌ನಲ್ಲಿ ಎರಡು ಮೂರು ಅದ್ದು, ಕೂಡಲೇ ನೀರಿಗೆ. ನೀಲಿ ಬರಲು ನಲ್ಲಿ ನೀರಲ್ಲಿ ಹತ್ತು ನಿಮಿಷ. ಬಫರ್‌ಗೆ ಬೇಡ ಅಂದ ಬೋರ್‌ವೆಲ್ ನೀರು ಇಲ್ಲಿ ಒಳ್ಳೆಯ ಗೆಳೆಯ, ಕ್ಷಾರ ಇರುವುದರಿಂದ ಬೇಗ ನೀಲಿ ತರುತ್ತದೆ. ಆರ್.ಒ. ನೀರಲ್ಲಿ ಇಟ್ಟು ಕಾಯುತ್ತಾ ಕೂತರೆ ಕೆಂಪಾಗೇ ಉಳಿಯುತ್ತದೆ. ಗುಲಾಬಿ ಬಣ್ಣ ಕೊಡುವ ಇಯೋಸಿನ್ 1 ನಿಮಿಷ, ಆಲ್ಕೋಹಾಲ್, ಕ್ಸೈಲಿನ್, ಕೊನೆಗೆ ಕವರ್‌ಸ್ಲಿಪ್ ಅಂಟಿಸುವ ಡಿ.ಪಿ.ಎಕ್ಸ್.

ಗ್ರಂಥಿಗಳನ್ನು ತೋರಿಸಬೇಕಿದ್ದರೆ ಇನ್ನೊಂದು ಸ್ಲೈಡ್‌ಗೆ ಪಿ.ಎ.ಎಸ್. (ಪೀರಿಯಾಡಿಕ್ ಆಸಿಡ್-ಶಿಫ್ ಬಣ್ಣ) ಹಾಕಿ.

## ಹಂತ 8: ಸ್ಲೈಡ್ ಓದುವುದು

ಮೊದಲು 4ಎಕ್ಸ್. ನೇರ 40ಎಕ್ಸ್‌ಗೆ ಹೋಗಿ ಕಳೆದುಹೋಗಬೇಡಿ. ನಡುವೆ ದೊಡ್ಡ ನಡುಗೋಡೆಯ ಕಾರ್ಟಿಲೇಜ್, ಅದರ ಬುಡದ ಎರಡೂ ಬದಿ ಬೇರೆಯದೇ ಆದ ಸಣ್ಣ, ಬಾಗಿದ ಕಾರ್ಟಿಲೇಜ್. ಈ ಸಣ್ಣದರ ಮಡಿಲಲ್ಲಿ ಇರುವ ನಳಿಕೆ ಮಾತ್ರ ವಿ.ಎನ್.ಒ. ಕಾರ್ಟಿಲೇಜ್ ಮಡಿಲು ಇಲ್ಲದ ನಳಿಕೆ ಕಂಡು ಕುಣಿಯಬೇಡಿ, ಅದು ಗ್ರಂಥಿಯ ನಾಳವೋ ಕಣ್ಣೀರಿನ ನಾಳವೋ ಇರಬಹುದು.

ಎಲ್ಲಿಂದ ಕೊಯ್ದಿದ್ದೀರಿ ಅನ್ನುವುದರ ಮೇಲೆ ಚಿತ್ರ ಬದಲಾಗುತ್ತದೆ. ತೀರಾ ಮುಂದಿನ ಹೋಳಿನಲ್ಲಿ ನಳಿಕೆ ಸಣ್ಣದು, ಸಂವೇದಕ ಪದರವೇ ಇರುವುದಿಲ್ಲ. "ನನ್ನ ಕುರಿಗೆ ಅಂಗವೇ ಇಲ್ಲ" ಅಂದವರ ಸ್ಲೈಡ್‌ಗಳೆಲ್ಲ ಬಹುತೇಕ ಈ ಜಾಗದವು. ನಡುವಿನ ಹೋಳಿನಲ್ಲಿ ಟೊಳ್ಳು ಅರ್ಧಚಂದ್ರದ ಹಾಗೆ ಇರುತ್ತದೆ. ನಿಮಗೆ ಬೇಕಾದ್ದು ಇದು. ಹಿಂದಕ್ಕೆ ಹೋದಂತೆ ಟೊಳ್ಳು ಕಿರಿದಾಗಿ ಗ್ರಂಥಿಗಳೇ ಜಾಸ್ತಿ ಕಾಣುತ್ತವೆ.

ನಡುವಿನ ಹೋಳನ್ನು 40ಎಕ್ಸ್‌ಗೆ ತನ್ನಿ. ನಡುಗೋಡೆ ಕಡೆಯ ಪದರ ದಪ್ಪ, ಅದೇ ಸಂವೇದಕ. ಮೇಲ್ಗಡೆ ಉದ್ದುದ್ದ ನ್ಯೂಕ್ಲಿಯಸ್ ಸಾಲು ಆಧಾರ ಕೋಶಗಳದು. ಅದರ ಕೆಳಗೆ ದುಂಡು ನ್ಯೂಕ್ಲಿಯಸ್‌ಗಳ ಹಲವು ಸಾಲು, ಇವು ನರಕೋಶಗಳು. ತಳದಲ್ಲಿ ಬುಡದ ಕೋಶಗಳು, ಸವೆದ ನರಕೋಶದ ಜಾಗಕ್ಕೆ ಹೊಸದು ಹುಟ್ಟುವುದು ಇಲ್ಲಿಂದ. ಮಾಮೂಲು ವಾಸನೆಯ ನರಕೋಶಕ್ಕೆ ಸೀಲಿಯಾ, ಅಂದರೆ ಕೂದಲಿನಂಥ ಎಳೆಗಳು ಇರುತ್ತವೆ. ಇಲ್ಲಿನ ನರಕೋಶಕ್ಕೆ ಇರುವುದು ಮೈಕ್ರೊವಿಲ್ಲೈ, ಅಂದರೆ ಬೆರಳಿನಂಥ ಅತಿ ಸಣ್ಣ ಚಾಚುಗಳು. ಅವನ್ನು ಬಿಡಿಬಿಡಿಯಾಗಿ ನೋಡಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು, ನಿಮ್ಮ ಸ್ಲೈಡ್‌ನಲ್ಲಿ ಬರೀ ಒಂದು ಮಸುಕು ಅಂಚು.

ಎದುರಿನ, ಹೊರಬದಿಯ ಪದರ ತೆಳು. ಅದಕ್ಕೆ ಸೀಲಿಯಾ ಇದೆ, ಅದು ಉಸಿರಿನ ದಾರಿಯ ಪದರದ ಥರದ್ದು. ಎರಡನ್ನೂ ಅದಲುಬದಲು ಮಾಡುವುದು ತುಂಬಾ ಸಾಮಾನ್ಯ ತಪ್ಪು. ಗೊಂದಲ ಆದರೆ ಪದರದ ಕೆಳಗೆ ನೋಡಿ. ನಡುಗೋಡೆ ಕಡೆ ಅಲೆಅಲೆಯಾಗಿ ಮಸುಕು ನರದ ಕಟ್ಟುಗಳು ಇರುತ್ತವೆ. ಅವು ಮಿದುಳಿನ ಮುಂಭಾಗದ ಸಹಾಯಕ ಘ್ರಾಣ ಗಡ್ಡೆಗೆ (ಆಕ್ಸೆಸರಿ ಆಲ್ಫ್ಯಾಕ್ಟರಿ ಬಲ್ಬ್) ಹೋಗುವ ನರಗಳು. ಹೊರಬದಿಯಲ್ಲಿ ದೊಡ್ಡ ರಕ್ತನಾಳಗಳು. ಆ ರಕ್ತನಾಳ ಸುಮ್ನೆ ಇಲ್ಲ, ಅದೇ ಪಂಪು. ಅದು ಕುಗ್ಗಿದಾಗ ಟೊಳ್ಳು ಹಿಗ್ಗಿ ಫೆರಮೋನ್ ಬೆರೆತ ದ್ರವವನ್ನು ಒಳಗೆ ಎಳೆದುಕೊಳ್ಳುತ್ತದೆ, ಉಬ್ಬಿದಾಗ ಹೊರಗೆ ತಳ್ಳುತ್ತದೆ. ಗ್ರಂಥಿಗಳು ಪಿ.ಎ.ಎಸ್.ನಲ್ಲಿ ಮೆಜೆಂಟಾ ಬಣ್ಣಕ್ಕೆ ಬರುತ್ತವೆ.

ಇಲಿಯ ಚಿತ್ರ ಎದುರಿಗೆ ಇಟ್ಟುಕೊಂಡು ಹೋಲಿಸಬೇಡಿ. ಇಲಿಯ ಸಂವೇದಕ ಪದರದಲ್ಲಿ ವಿ1ಆರ್, ವಿ2ಆರ್ ಅಂತ ಎರಡು ಗುಂಪಿನ ಗ್ರಾಹಕಗಳಿಗೆ ಎರಡು ಪಟ್ಟಿ ಇದೆ. ಆಕಳು, ಆಡುಗಳಂಥ ಮೆಲುಕು ಹಾಕುವ ಪ್ರಾಣಿಗಳಲ್ಲಿ ವಿ2ಆರ್ ಜೀನುಗಳು ಕೆಟ್ಟುಹೋಗಿವೆ. ಆ ಎರಡನೇ ಪಟ್ಟಿ ಹುಡುಕುತ್ತಾ ವಾರಗಟ್ಟಲೆ ಕೂತ ಹುಡುಗಿಯೊಬ್ಬಳು ನನಗೆ ಗೊತ್ತು.

## ಸ್ಲೈಡ್ ನೋಡಿ ತಪ್ಪು ಹಿಡಿಯುವುದು

ಟೊಳ್ಳಿನೊಳಗೆ ಉದುರಿದ ಕೋಶಗಳು, ನ್ಯೂಕ್ಲಿಯಸ್ ಮಸುಕು: ತಡವಾಗಿ ಫಿಕ್ಸ್ ಮಾಡಿದ್ದೀರಿ, ಹಂತ 1ಕ್ಕೆ ವಾಪಸ್. ಪದರ ಗಟ್ಟಿ ಇದೆ, ಆದರೆ ಹಾಳೆಯ ಹಾಗೆ ಇಡಿಯಾಗಿ ಎದ್ದು ಬಂದಿದೆ: ಸಿರಿಂಜ್ ಜೋರಾಗಿ ಒತ್ತಿದ್ದೀರಿ. ಎಲ್ಲವೂ ಗುಲಾಬಿ, ನೀಲಿಯೇ ಇಲ್ಲ: ಆಸಿಡ್‌ನಲ್ಲಿ ಜಾಸ್ತಿ ದಿನ ಬಿಟ್ಟಿದ್ದೀರಿ, ಇಲ್ಲವೇ ಸರಿಯಾಗಿ ತೊಳೆದಿಲ್ಲ. ರಕ್ತ ಇರುವ ಕಡೆ ಕಂದುಗಪ್ಪು ಪುಡಿ: ಬಫರ್ ಇಲ್ಲದ ಫಾರ್ಮಲಿನ್. ಕಾರ್ಟಿಲೇಜ್ ಸುತ್ತ ಬಿರುಕು ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಸ್ವಲ್ಪ ಕುಗ್ಗುವುದು ಸಹಜ.

## ಹೆಸರಿನ ಚೀಟಿ

ಸ್ಲೈಡ್ ಮೇಲೆ "ಜಿಂಕೆ" ಅಂತ ಬರೆಯಬೇಡಿ. ಇದು ಕುರಿ, ಕುರಿ ಅಂತಲೇ ಬರೆಯಿರಿ. ಹೋಲಿಕೆ ಇದೆ ಅಂತ ಎಲ್ಲವನ್ನೂ ಒಂದೇ ಅಂದುಕೊಳ್ಳುವ ಹಾಗಿಲ್ಲ. ಆಫ್ರಿಕಾದ ಹಾರ್ಟ್‌ಬೀಸ್ಟ್ ಕುರಿಯ ಕುಟುಂಬದ್ದೇ, ಆದರೂ ಅದರ ಅಂಗುಳದ ನಾಳ ಬಾಯೊಳಗೆ ತೆರೆಯುವುದೇ ಇಲ್ಲ. ಪ್ರಬಂಧದಲ್ಲಿ ಜಿಂಕೆಯ ಬಗ್ಗೆ ಬರೆಯುವಾಗ ಪ್ರಕಟವಾದ ಜಿಂಕೆ ಅಧ್ಯಯನದ ಪಕ್ಕ ನಿಮ್ಮ ಕುರಿ ಸ್ಲೈಡ್ ಇಟ್ಟು, ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ ಅಂತ ತೋರಿಸಿ.

ಚೀಟಿಯಲ್ಲಿ ಪ್ರಾಣಿ, ಗಂಡೋ ಹೆಣ್ಣೋ, ವಯಸ್ಸು, ಎಡವೋ ಬಲವೋ, ಕೊಯ್ದು ಎಷ್ಟು ಹೊತ್ತಿಗೆ ಫಾರ್ಮಲಿನ್ ಬಿಟ್ಟಿರಿ, ಅಂಗುಳದ ಉಬ್ಬಿನಿಂದ ಎಷ್ಟು ಮಿ.ಮೀ. ದೂರ, ಇಷ್ಟು ಇರಲಿ. ಫೋಟೊ ಕಳಿಸುವಾಗ ಆ ಚೀಟಿಯನ್ನೂ ಜೊತೆಗೆ ಕಳಿಸಿ.